ಬಾನೆಟ್ಟಿನ ಆಚೆಯ ಕೈ

ನಮ್ಮ ಮಾವನ ಕಾರಿಗೆ ಚೋಕ್ ಇರಲಿಲ್ಲ. ಅದರ ಬದಲು ನಮ್ಮ ಅತ್ತೆ ಇದ್ದರು.

ಇದು ತಮಾಷೆಗೆ ಹೇಳುತ್ತಿರುವ ಮಾತಲ್ಲ, ಇದ್ದದ್ದೇ ಹಾಗೆ. ಚಳಿಗೆ ಹೆಪ್ಪುಗಟ್ಟಿದಂತಿರುವ ಹಳೆಯ ಎಂಜಿನ್ ಏಳಬೇಕಾದರೆ ಅದಕ್ಕೆ ಗಾಳಿ ಕಡಿಮೆ, ಪೆಟ್ರೋಲ್ ಹೆಚ್ಚು ಸಿಗಬೇಕು. ಅದಕ್ಕೆಂದೇ ಕಾರ್ಬುರೇಟರಿನ ಬಾಯಲ್ಲಿ ಒಂದು ಸಣ್ಣ ಬಿಲ್ಲೆ ಇರುತ್ತದೆ. ಒಳಗೆ ಕೂತವರು ಗುಂಡಿ ಎಳೆದರೆ ಬಿಲ್ಲೆ ತಿರುಗಿ ಗಾಳಿಯ ದಾರಿಯನ್ನು ಮುಚ್ಚುತ್ತದೆ. ಅದೇ ಚೋಕ್. ಮಾವ ಆ ಕಾರನ್ನು ಕೊಂಡಾಗಲೇ ಅದರಲ್ಲಿ ಬಿಲ್ಲೆಯೂ ಇರಲಿಲ್ಲ, ಗುಂಡಿಯೂ ಇರಲಿಲ್ಲ. ಬಾಯಿಗೆ ಅಂಗೈ ಅಡ್ಡ ಹಿಡಿದರೆ ಸಾಕು, ಚೋಕಿನ ಅಪ್ಪನ ಹಾಗೆ ಕೆಲಸ ಮಾಡುತ್ತದೆ ಎಂದು ಮಾರಿದವನು ಹೇಳಿ ಜಾರಿಕೊಂಡನಂತೆ. ಮಾವ ಕೀ ತಿರುಗಿಸಲು ಒಳಗೆ ಕೂತರು. ಅಂಗೈ ಹಿಡಿಯುವ ಕೆಲಸ ಅತ್ತೆಯ ಪಾಲಿಗೆ ಬಂತು. ನನ್ನ ಹೆಂಡತಿ ಆಗ ಇನ್ನೂ ಹುಟ್ಟಿರಲಿಲ್ಲ.

ಮಾವನದು ಹೊಲಿಗೆ ಯಂತ್ರ ರಿಪೇರಿಯ ಕೆಲಸ. ಕಾರಿನ ಹಿಂದಿನ ಸೀಟನ್ನು ಕಿತ್ತುಹಾಕಿ ಅಲ್ಲಿ ಬೆಲ್ಟು, ಸೂಜಿ ಡಬ್ಬಿ, ಎಣ್ಣೆ ಕ್ಯಾನು, ಯಾರದೋ ಅಂಗಡಿಯ ಕೆಟ್ಟ ಯಂತ್ರ, ಎಲ್ಲವನ್ನೂ ತುಂಬಿಕೊಂಡು ದರ್ಜಿ ಅಂಗಡಿಗಳನ್ನು ಸುತ್ತುತ್ತಿದ್ದರು. ಹೊರಗೆ ಅತ್ತೆಯ ಕೈ ಇರುವುದಿಲ್ಲವಲ್ಲ, ಹಾಗಾಗಿ ಎಂಜಿನ್ ತಣ್ಣಗಾಗುವ ಮೊದಲೇ ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೊರಡಬೇಕು. ಯಾರಾದರೂ ಎರಡನೇ ಲೋಟ ಟೀ ತರಿಸಿದರೆ "ಎಂಜಿನ್ ಆರುತ್ತೆ" ಎಂದು ಎದ್ದುಬಿಡುತ್ತಿದ್ದರು. ದರ್ಜಿಗಳೆಲ್ಲ ಸೇರಿ ಅವರಿಗೆ ಇಟ್ಟ ಅಡ್ಡಹೆಸರೂ ಅದೇ. ಫೋನ್ ಮಾಡಿ "ಎಂಜಿನ್ ಆರುತ್ತೆ ಇದಾರಾ?" ಎಂದು ಕೇಳಿದವರನ್ನು ನಾನೇ ಬಲ್ಲೆ.

ಬೆಳಗಿನ ಶಾಸ್ತ್ರ ಹೀಗೆ ನಡೆಯುತ್ತಿತ್ತು. ಅತ್ತೆ ಬಾನೆಟ್ ಎತ್ತಿ, ಏರ್ ಕ್ಲೀನರಿನ ಡಬ್ಬಿ ಬಿಚ್ಚಿ ಪಕ್ಕಕ್ಕಿಟ್ಟು, ಬಲಗೈಯನ್ನು ಕಾರ್ಬುರೇಟರಿನ ಬಾಯ ಮೇಲಿಡುವರು. ಎಡಗೈಯಿಂದ ಮಡ್‌ಗಾರ್ಡನ್ನು ಎರಡು ಸಲ ತಟ್ಟುವರು. ಎತ್ತಿದ ಬಾನೆಟ್ ಅಡ್ಡ ಇರುವುದರಿಂದ ಮಾವನಿಗೆ ಹೆಂಡತಿ ಕಾಣುವುದಿಲ್ಲ. ತಟ್ಟಿದ ಸದ್ದು ಕೇಳಿ, ಕೀ ತಿರುಗಿಸಿ ಸೆಲ್ಫ್ ಹೊಡೆಯುವರು. ಎಂಜಿನ್ ಹತ್ತಿಕೊಳ್ಳುತ್ತದೆ, ಬಾನೆಟ್ ಇಳಿಯುತ್ತದೆ, ಅತ್ತೆ ಅಂಗೈ ಒರೆಸಿಕೊಂಡು ಒಳಗೆ ಹೋಗುತ್ತಾರೆ. ತನ್ನ ಗಾಡಿ ಒಂದೇ ಸೆಲ್ಫಿಗೆ ಏಳುತ್ತದೆ ಎಂದು ಮಾವ ಕಂಡಕಂಡವರ ಮುಂದೆ ಬೀಗುತ್ತಿದ್ದರು. ಅತ್ತೆ ಒಂದು ದಿನವೂ ಅದನ್ನು ತಿದ್ದಲಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಅತ್ತೆಗೆ ಲಕ್ವ ಹೊಡೆಯಿತು. ಮಾತು ಮರಳಿತು, ಕಾಲು ಮರಳಿತು. ಬಲಗೈಯ ಬೆರಳುಗಳೂ ಸೋಮಾರಿಗಳ ಹಾಗೆ ಅಷ್ಟಿಷ್ಟು ಆಡತೊಡಗಿದವು. ಆದರೆ ಸ್ಪರ್ಶ ಮಾತ್ರ ಬರಲಿಲ್ಲ. ಸುಡುವ ಲೋಟ ಹಿಡಿದು ಬೊಬ್ಬೆ ಎದ್ದರೂ ಅವರಿಗೆ ತಿಳಿದಿರಲಿಲ್ಲ. ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದರು ಡಾಕ್ಟರು. ಅಷ್ಟು ನಮಗೂ ಗೊತ್ತಿತ್ತು ಎಂದು ನಾನು ಗೊಣಗಿಕೊಂಡೆ. ಅತ್ತೆ ಆ ಕೈಯನ್ನು ಶಾಲಿನೊಳಗೆ ಮುಚ್ಚಿಟ್ಟುಕೊಂಡು ಕಿಟಕಿಯ ಬಳಿ ಕೂರತೊಡಗಿದರು. ಅದನ್ನು ಕೈ ಎಂದು ಕರೆಯುವುದನ್ನೇ ಬಿಟ್ಟಿದ್ದರು. "ಇದನ್ನ ಸ್ವಲ್ಪ ಆ ಕಡೆ ಇಡು" ಎಂದು ಮಗಳಿಗೆ ಹೇಳುವರು, ಮನೆಗೆ ಬಂದವರು ಯಾರೋ ಮರೆತುಹೋದ ಸಾಮಾನಿನ ಹಾಗೆ. ನನ್ನ ಹೆಂಡತಿ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬರುತ್ತಿದ್ದಳು.

ಅಂದಿನಿಂದ ಮಾವ ಕಾರು ತೆಗೆಯಲಿಲ್ಲ. ದರ್ಜಿಗಳು ಫೋನ್ ಮಾಡಿದರೆ ಗಾಡಿ ಏಳುತ್ತಿಲ್ಲ ಎನ್ನುವರು. ನಾವಿರುವುದು ಎರಡು ಬೀದಿಯಾಚೆ. ಒಂದು ಬೆಳಗ್ಗೆ ನಾನೇ ಹೋಗಿ ಅಂಗೈ ಹಿಡಿಯುತ್ತೇನೆಂದು ಮುಂದೆ ಬಂದೆ. ನನಗೆ ಜಂಬ ಸ್ವಲ್ಪ ಹೆಚ್ಚು. ಲಿಫ್ಟ್ ರಿಪೇರಿ ನನ್ನ ಕಸುಬು, ಜನ ತುಂಬಿದ ಪೆಟ್ಟಿಗೆಯನ್ನು ಮೇಲಕ್ಕೂ ಕೆಳಕ್ಕೂ ಓಡಿಸುವವನಿಗೆ ಒಂದು ಕಾರ್ಬುರೇಟರ್ ಯಾವ ಲೆಕ್ಕ ಎಂದುಕೊಂಡಿದ್ದೆ. ಬಿಗಿಯಾಗಿ ಮುಚ್ಚಿದೆ, ಪೆಟ್ರೋಲ್ ಉಕ್ಕಿ ಪ್ಲಗ್ಗೆಲ್ಲ ನೆನೆಯಿತು. ಸಡಿಲ ಬಿಟ್ಟೆ, ಎಂಜಿನ್ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಮಾವ ಬಿಡಿ ಅಂದರು, ಬೈಯಲೂ ಇಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಅವತ್ತೇ ಅತ್ತೆ ನನ್ನನ್ನು ಕಿಟಕಿಯ ಬಳಿಗೆ ಕರೆದರು. "ಅಳಿಯಂದ್ರೇ, ಇದು ಹೋದ್ರೆ ಹೋಗ್ಲಿ. ಇದರ ಜೊತೆ ಅವರ ಕೆಲಸಾನೂ ಹೋಗ್ಬಾರದು. ಆ ಗಾಡಿಗೊಂದು ಚೋಕ್ ಹಾಕಿಬಿಡಿ."

ನಾನು ಹಠಕ್ಕೆ ಬಿದ್ದೆ. ಆ ಕಾರಿನ ಬಿಡಿಭಾಗ ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಗುಜರಿಗಳನ್ನು ಸುತ್ತಿ, ಇನ್ಯಾವುದೋ ಕಾರಿನ ಶವದಿಂದ ಬಿಲ್ಲೆ, ಅದನ್ನು ತಿರುಗಿಸುವ ಕಡ್ಡಿ, ಕೇಬಲ್ಲು, ಗುಂಡಿ, ಎಲ್ಲವನ್ನೂ ಬಿಚ್ಚಿ ತಂದೆ. ಬಿಲ್ಲೆ ಕಾರ್ಬುರೇಟರಿನ ಬಾಯಿಗಿಂತ ಕೂದಲೆಳೆಯಷ್ಟು ದೊಡ್ಡದಿತ್ತು. ಅರದಿಂದ ಉಜ್ಜುವುದು, ಇಟ್ಟು ನೋಡುವುದು, ಮತ್ತೆ ಉಜ್ಜುವುದು. ಕಡೆಗೆ ಅದು ಬಾಯೊಳಗೆ ತಡೆಯಿಲ್ಲದೆ ತಿರುಗಿತು. ಎರಡು ಪುಟ್ಟ ಸ್ಕ್ರೂ ಹಾಕಿ, ಅವು ಸಡಿಲವಾಗಿ ಎಂಜಿನ್ನಿನ ಹೊಟ್ಟೆಗೆ ಬೀಳದ ಹಾಗೆ ಅವುಗಳ ತುದಿಯನ್ನು ಇಕ್ಕಳದಿಂದ ಚಪ್ಪಟೆ ಮಾಡಿದೆ. ಮಾವ ಕೈಕಟ್ಟಿಕೊಂಡು ನಿಂತು ನೋಡುತ್ತಿದ್ದರು. ಹಾಕಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ.

ಗುಂಡಿ ಎಳೆದೆ, ಸೆಲ್ಫ್ ಹೊಡೆದೆ. ಎಂಜಿನ್ ಒಮ್ಮೆ ಗುರ್ರೆಂದು ಉಸಿರುಕಟ್ಟಿ ನಿಂತಿತು. ಎಳೆದಾಗ ಆ ಗುಂಡಿಗೆ ಎರಡೇ ನಿಲ್ದಾಣ: ಪೂರ್ತಿ ಎಳೆದರೆ ಬಿಲ್ಲೆ ಮುಚ್ಚುತ್ತದೆ, ಅರ್ಧಕ್ಕೆ ಬಿಟ್ಟರೆ ಒಂದಿಷ್ಟು ತೆರೆದು ನಿಲ್ಲುತ್ತದೆ. ಆ ಒಂದಿಷ್ಟು ಎಷ್ಟು ಎಂಬುದನ್ನು ಕೇಬಲ್ ಬಿಗಿಯುವಾಗಲೇ ತೀರ್ಮಾನಿಸಬೇಕು. ಬೇರೆ ಕಾರಿನ ಬಿಲ್ಲೆ, ಬೇರೆ ಕಾರಿನ ಕೇಬಲ್ಲು. ಹೇಗೆ ಬಿಗಿದರೂ ಒಂದೋ ಕೆಮ್ಮು, ಇಲ್ಲವೇ ಉಸಿರುಕಟ್ಟು. ಬ್ಯಾಟರಿಯ ದನಿ ಬೀಳತೊಡಗಿತು. ಎಂಜಿನ್ ಹತ್ತಿಕೊಂಡ ಮೇಲೆ ಅತ್ತೆ ಕೈಯನ್ನು ಎಷ್ಟು ತೆರೆಯುತ್ತಿದ್ದರು ಎಂದು ಮಾವನನ್ನು ಕೇಳಿದೆ.

ಅವರು ಬಾನೆಟ್ಟಿನ ಕಡೆ ನೋಡಿದರು. "ನಾನೆಲ್ಲಿ ನೋಡಿದೀನಿ? ನಾನು ಯಾವಾಗ್ಲೂ ಈಚೆ ಕಡೆ ಇರ್ತಿದ್ದೆ."

ಆ ಮಾತು ಅವರಿಗೇ ಹೊಸದಾಗಿ ಕೇಳಿಸಿತೇನೋ. ಒಂದು ಸಂಸಾರದಷ್ಟು ಬೆಳಗುಗಳು ಆ ತಗಡಿನ ಎರಡು ಬದಿಯಲ್ಲಿ ಇಬ್ಬರೂ ಇದ್ದರು, ಒಬ್ಬರ ಕೆಲಸವನ್ನು ಇನ್ನೊಬ್ಬರು ಕಂಡಿರಲಿಲ್ಲ.

ಮರುದಿನ ಬೆಳಗ್ಗೆ, ಎಂಜಿನ್ ತಣ್ಣಗಿರುವಾಗಲೇ, ನನ್ನ ಹೆಂಡತಿ ಅಮ್ಮನನ್ನು ಹೊರಗೆ ಕರೆತಂದಳು. ಬಿಲ್ಲೆ ಪೂರ್ತಿ ತೆರೆದಿದ್ದರೆ ಅದರ ಮೇಲೆ ಅಂಗೈ ಇಡಲು ಅಡ್ಡಿಯಿಲ್ಲ, ಹಾಗೆ ತೆರೆದಿಟ್ಟೆ. ಹೆಂಡತಿ ಕೀ ತಿರುಗಿಸಲು ಒಳಗೆ ಕೂತಳು. ನಾನೂ ಮಾವನೂ ಬಾನೆಟ್ಟಿನ ಆಚೆ, ಮೊದಲ ಸಲ ಅತ್ತೆಯ ಪಕ್ಕದಲ್ಲಿ ನಿಂತೆವು.

ಅತ್ತೆ ಎಡಗೈ ಇಟ್ಟರು. ಹೆಂಡತಿ ಸೆಲ್ಫ್ ಹೊಡೆದಳು. ಆ ಕೈಯ ಕಥೆ ನನ್ನ ಕೈಯದೇ ಆಯಿತು, ಕೆಮ್ಮು. ಅತ್ತೆ ಕೈ ತೆಗೆದು ಒರೆಸಿಕೊಂಡು, ಈ ಕೈಗೆ ಏನೂ ಗೊತ್ತಿಲ್ಲ, ಎಲ್ಲ ಗೊತ್ತಿದ್ದದ್ದು ಅದಕ್ಕೇ ಎಂದರು. ತಿರುಗಿ ಒಳಗೆ ಹೊರಟೂಬಿಟ್ಟರು.

ಮಾವ ಅವರ ತೋಳು ಹಿಡಿದು ನಿಲ್ಲಿಸಿದರು. ಶಾಲು ಸರಿಸಿ, ಬಲಗೈಯನ್ನು ಎರಡೂ ಕೈಯಲ್ಲಿ ಎತ್ತಿ, ಎಣ್ಣೆ ತುಂಬಿದ ದೀಪವನ್ನು ಇಡುವಷ್ಟು ಜೋಪಾನವಾಗಿ ಕಾರ್ಬುರೇಟರಿನ ಬಾಯ ಮೇಲಿಟ್ಟರು. ಎಂಜಿನ್ ಹಿಮ್ಮುಖವಾಗಿ ಸಿಡಿದರೆ ಅಂಗೈ ಸುಡುತ್ತದೆ, ಸುಟ್ಟದ್ದು ಅವರಿಗೆ ತಿಳಿಯುವುದೂ ಇಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆಯ ಎಡಗೈ, ಯಾರೂ ಹೇಳದೆಯೇ, ಮಡ್‌ಗಾರ್ಡನ್ನು ಎರಡು ಸಲ ತಟ್ಟಿತು.

ಸೆಲ್ಫ್ ತಿರುಗಿತು. ಎಂಜಿನ್ ಗಾಳಿಗಾಗಿ ಬಾಯಿ ತೆರೆದು ಎಳೆಯಿತು. ಅಂಗೈಯ ಚರ್ಮ ಒಳಕ್ಕೆ ಸೆಳೆದದ್ದು ನನ್ನ ಕಣ್ಣಿಗೇ ಕಂಡಿತು.

ಅತ್ತೆಯ ಮುಖ ಬದಲಾಯಿತು. "ರೀ," ಎಂದರು, "ಎಳೀತಾ ಇದೆ."

ಏನು ಎಂದು ಮಾವ ಕೇಳಿದರೋ ಇಲ್ಲವೋ, ನನಗೆ ಕೇಳಲಿಲ್ಲ. ನಾನು ಆ ಕೈಯನ್ನೇ ನೋಡುತ್ತಿದ್ದೆ. ಎಂಜಿನ್ ಮೊದಲ ಸಲ ಮಿಡಿದ ಕೂಡಲೇ ಕಿರುಬೆರಳು ಎದ್ದಿತು. ಅದರ ಹಿಂದೆ ಉಂಗುರದ ಬೆರಳು. ಎಂಜಿನ್ ತಡವರಿಸಿತು; ಬೆರಳೂ ತುಸು ಇಳಿಯಿತು. ಎಂಜಿನ್ ಚೇತರಿಸಿಕೊಂಡಿತು, ನಡುಬೆರಳೂ ಎದ್ದಿತು. ತಾಯಿ ಮಗುವಿಗೆ ಹಾಲೂಡಿಸುವಾಗ ಅದು ಎಷ್ಟು ನುಂಗಿತೆಂದು ನೋಡಿ ನೋಡಿ ಕೊಡುತ್ತಾಳಲ್ಲ, ಹಾಗೆ ಆ ಕೈ ಅದಕ್ಕೆ ಗಾಳಿ ಕೊಡುತ್ತಿತ್ತು. ಚಿಲಕ ಹಾಕಿದ ಹಾಗೆ ಮುಚ್ಚಿ ತೆರೆಯುವುದೇ ಚೋಕಿನ ಕೆಲಸ ಎಂದುಕೊಂಡಿದ್ದ ನಾನು ಕಣ್ಣುಬಾಯಿ ಬಿಟ್ಟುಕೊಂಡು ನಿಂತಿದ್ದೆ. ನನ್ನ ಕಸುಬಿನಲ್ಲಿ ಎಷ್ಟೋ ಯಂತ್ರಗಳನ್ನು ಬಿಚ್ಚಿದ್ದೇನೆ. ಇಂಥದ್ದನ್ನು ಕಂಡಿರಲಿಲ್ಲ.

ಎಂಜಿನ್ ಸಮವಾಗಿ ಓಡತೊಡಗಿತು. ಅತ್ತೆ ಕೈ ತೆಗೆದು, ಮಗುಚಿ, ಅಂಗೈಯನ್ನು ನೋಡಿಕೊಂಡರು. ನಡುವೆ ಒಂದು ಕೆಂಪು ವೃತ್ತ ಮೂಡಿತ್ತು. ಮಾವ ಅದರ ಮೇಲೆ ಬೆರಳಿಟ್ಟು ಗೊತ್ತಾಗುತ್ತಾ ಎಂದು ಕೇಳಿದರು. ಇಲ್ಲ, ನಿಮ್ಮ ಬೆರಳು ಗೊತ್ತಾಗಲ್ಲ, ಅದು ಎಳೆದದ್ದು ಮಾತ್ರ ಗೊತ್ತಾಯಿತು ಎಂದರು ಅತ್ತೆ.

"ದಿನಾ ಹೀಗೇ ಮಾಡ್ತಿದ್ದೆಯಾ?" ಎಂದರು ಮಾವ.

"ಇನ್ನೇನು ಮತ್ತೆ? ಗಾಡಿ ತಾನಾಗೇ ಏಳ್ತಿತ್ತು ಅಂದ್ಕೊಂಡ್ರಾ?"

ಒಳಗಿನಿಂದ ನನ್ನ ಹೆಂಡತಿ ಏನಾಯಿತು, ಯಾರಾದರೂ ಹೇಳಿ ಎಂದು ಕೂಗುತ್ತಿದ್ದಳು. ಮಾವ ಮುಖ ಆಚೆ ತಿರುಗಿಸಿ ಏರ್ ಕ್ಲೀನರನ್ನು ಒರೆಸತೊಡಗಿದರು.

ಅತ್ತೆಯ ಬೆರಳುಗಳು ಬಿಟ್ಟ ಸಂದನ್ನು ನೆನಪಿಟ್ಟುಕೊಂಡು ಅಷ್ಟಕ್ಕೇ ಕೇಬಲ್ ಬಿಗಿದೆ. ಮರುದಿನ ಬೆಳಗ್ಗೆ ಮಾವ ಗುಂಡಿ ಎಳೆದು ಸೆಲ್ಫ್ ಹೊಡೆದರು, ಎಂಜಿನ್ ಒಂದೇ ಸಲಕ್ಕೆ ಎದ್ದಿತು. ನಾನು ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವಷ್ಟರಲ್ಲಿ ಅವರು ಅದನ್ನು ಆರಿಸಿಬಿಟ್ಟರು. ಕೆಳಗಿಳಿದು, ಬಾನೆಟ್ ಎತ್ತಿ, ಡಬ್ಬಿ ಬಿಚ್ಚಿಟ್ಟು, ಬಾರೇ ಎಂದು ಕಿಟಕಿಯಲ್ಲಿದ್ದ ಅತ್ತೆಯನ್ನು ಕರೆದರು. ಕೀಯನ್ನು ನನ್ನ ಕೈಗಿತ್ತರು.

"ನೀವು ಒಳಗೆ ಕೂತ್ಕೊಳ್ಳಿ. ನಾನು ಇನ್ಮೇಲೆ ಈ ಕಡೆ."

ಈಗ ಚೋಕ್ ಬೇಕಾಗುವುದು ಹೊರಗೆ ಅಂಗಡಿ ಸುತ್ತುವಾಗ ಮಾತ್ರ. ಮಾವ ಎಂಜಿನ್ನಿನ ಚಿಂತೆಯಿಲ್ಲದೆ ಎರಡನೇ ಲೋಟ ಟೀ ಕುಡಿಯುತ್ತಾರೆ. ಅಡ್ಡಹೆಸರು ಮಾತ್ರ ಬಿಟ್ಟಿಲ್ಲ. ಬೆಳಗ್ಗೆ ಮನೆಯ ಮುಂದೆ ಗುಂಡಿಯನ್ನು ಯಾರೂ ಎಳೆಯುವುದಿಲ್ಲ. ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಂದು ಸ್ಟೀರಿಂಗ್ ಹಿಂದೆ ಕೂರುತ್ತೇನೆ. ಎದುರಿಗೆ ತಗಡು. ಆಚೆ ಇಬ್ಬರೂ ಏನೋ ಪಿಸುಗುಡುತ್ತಾರೆ, ಯಾವ ಬೆರಳಿಗೆ ಇವತ್ತು ಎಷ್ಟು ತಿಳಿಯಿತು ಎಂಬ ಲೆಕ್ಕಾಚಾರ ಇರಬೇಕು. ನನಗೆ ಏನೂ ಕಾಣುವುದಿಲ್ಲ, ಎರಡು ತಟ್ಟಿಗೆ ಕಾಯುತ್ತೇನೆ.

ಮೊನ್ನೆ ಚಳಿ ಜೋರಿತ್ತು. ಕೂತಲ್ಲೇ ಕಣ್ಣೆಳೆಯಿತು, ಅತ್ತೆ ತಟ್ಟಿದ್ದು ನನಗೆ ಕೇಳಲಿಲ್ಲ. ಆಚೆಯಿಂದ ಅವರ ದನಿ ಬಂತು, ಗಟ್ಟಿಯಾಗಿಯೇ ಬಂತು.

"ಅಳಿಯಂದ್ರೇ, ನಿದ್ದೆನಾ? ಬೇಗ ತಿರುಗಿಸಿ. ನನ್ನ ಬಲಗೈ ತಣ್ಣಗಾಗ್ತಿದೆ."

ಕೀ ತಿರುಗಿಸಬೇಕಿದ್ದ ನಾನು ಹಾಗೇ ಕೂತಿದ್ದೆ. ಬಾನೆಟ್ಟಿನ ಆಚೆ ಮಾವನ ಪಿಸುಮಾತೂ ನಿಂತಿತ್ತು.