ಅಳತೆ ಕೊಡದ ಕಾಲು

ಅಣ್ಣನ ಹೆಣವನ್ನು ಮನೆಗೆ ಕೊಂಡೊಯ್ಯಬೇಕೆಂದೇ ತಂಗಿ ವ್ಯಾನ್ ಮಾಡಿಕೊಂಡು ಬಂದಿದ್ದಳು. ಅಮ್ಮನ ಸಮಾಧಿಯ ಪಕ್ಕದ ಜಾಗ ಇಪ್ಪತ್ತೆರಡು ವರ್ಷದಿಂದ ಖಾಲಿ ಇತ್ತು. ಬದುಕಿದ್ದಾಗ ಒಮ್ಮೆಯೂ ಬಾ ಎನ್ನದವಳಿಗೆ ಈಗ ಇಷ್ಟೇಕೆ ಅವಸರ? ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಅಣ್ಣ ಮಿಷನರಿ, ಆದರೆ ಅತ್ತ ಪಾದ್ರಿಯೂ ಅಲ್ಲ, ಇತ್ತ ಸಂಸಾರಿಯೂ ಅಲ್ಲ. ನಿಲುವಂಗಿ ತೊಡದೆ, ಪ್ರವಚನ ಕೊಡದೆ, ಈ ಕುಷ್ಠರೋಗಿಗಳ ಆಶ್ರಮದಲ್ಲಿ ಮೂವತ್ತೆಂಟು ವರ್ಷ ಚಪ್ಪಲಿ ಹೊಲಿದವನು. ದೇವರ ಕಾಲು ಹಿಡಿಯಲು ಹೋದವನು ಕಂಡವರ ಕಾಲು ಹಿಡಿದು ಕೂತ ಎಂದು ನೆಂಟರು ಗೇಲಿ ಮಾಡುತ್ತಿದ್ದರು.

"ನೀವು ಒಡಹುಟ್ಟಿದವರು, ನೀವು ಹೇಳಿದ ಹಾಗೇ ಆಗಲಿ," ಎಂದರು ಆಶ್ರಮದ ಫಾದರ್. "ಚರ್ಚಿನಲ್ಲಿ ಬಲಿಪೂಜೆ ಮುಗಿದ ಮೇಲೆ ಕರ್ಕೊಂಡು ಹೋಗಿ."

ಪೂಜೆಗೆ ಇನ್ನೂ ಹೊತ್ತಿತ್ತು. ಅವಳು ಅವನ ಕೆಲಸದ ಕೋಣೆಗೆ ಹೋದಳು. ಗೋಡೆಯುದ್ದಕ್ಕೂ ಕಟ್ಟಿದ ತಂತಿಯಲ್ಲಿ ನೂರಾರು ರಟ್ಟುಗಳು ನೇತಾಡುತ್ತಿದ್ದವು. ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಗೆರೆ ಎಳೆದ ಪಾದ: ಬೆರಳಿಲ್ಲದ್ದು, ಅರ್ಧವೇ ಉಳಿದದ್ದು, ಸೊಟ್ಟಗಾದದ್ದು. ಕೆಳಗೆ ಅವನ ಗುಂಡನೆಯ ಅಕ್ಷರ: ದರ್ಜಿ, ಹಾಡುಗಾರ, ಬಾಯಿಬಡುಕಿ.

ಅಮ್ಮ ಹಾಸಿಗೆ ಹಿಡಿದಾಗ ಅವನು ಇಂಥದೇ ರಟ್ಟು ತಂದಿದ್ದ. "ಕಾಲು ಕೊಡೇ, ನಿಂಗೂ ಒಂದು ಜೊತೆ ಹೊಲಿತೀನಿ."

ಅವಳು ಬೆಂಕಿ ತುಳಿದವಳಂತೆ ಕಾಲನ್ನು ಎಳೆದುಕೊಂಡಿದ್ದಳು. "ಆ ಕೈಯಲ್ಲಿ ಮುಟ್ಟಬೇಡ ಅಣ್ಣಾ. ಮನೇಲಿ ಚಿಕ್ಕ ಮಕ್ಕಳಿದ್ದಾರೆ."

ಅವನು ನಕ್ಕ. ಅವನು ಉಂಡ ತಟ್ಟೆಯನ್ನು ಅವಳು ಹಿತ್ತಿಲಿಗೆ ಎಸೆದು ತಿರುಗಿದಾಗ ಬಾಗಿಲಲ್ಲೇ ನಿಂತಿದ್ದ. ಅಮ್ಮನ ಮಣ್ಣಿಗೆ ಬಂದವನು ನೀರೂ ಕುಡಿಯದೆ ಹೋದ. ಮತ್ತೆ ಬರಲಿಲ್ಲ.

ಅವಳು ಒಂದೊಂದೇ ರಟ್ಟು ತಿರುವಿ ನೋಡಿದಳು. ತಂಗಿ ಎಂದು ಬರೆದದ್ದು ಯಾವುದೂ ಇರಲಿಲ್ಲ. ಅಳತೆ ಕೊಡದವಳದು ಎಲ್ಲಿಂದ ಬರಬೇಕು?

"ಏನು ಹುಡುಕ್ತಿದ್ದೀಯಮ್ಮ?" ಬಾಗಿಲಲ್ಲಿ ಕೈಬೆರಳಿಲ್ಲದ ಮುದುಕಿ. "ನಾನೇ ಆ ಬಾಯಿಬಡುಕಿ. ಅವನೇ ಇಟ್ಟ ಹೆಸರು. ನಮ್ಮ ಕಾಲಿಗೆ ನೋವು ಗೊತ್ತಾಗಲ್ಲ ನೋಡು. ಕಲ್ಲು ಚುಚ್ಚಿದ್ರೂ ನಡೀತಾನೇ ಇರ್ತೀವಿ, ಆಮೇಲೆ ಕಾಲೇ ಹೋಗುತ್ತೆ. ದಿನಾ ನಾವು ಪೂಜೇಲಿದ್ರೆ ಅವನು ಹೊರಗೆ ಕೂತು ಎಲ್ಲರ ಚಪ್ಪಲಿ ಒಳಗೂ ಕೈಯಾಡಿಸೋನು. ಒಳಗೆ ಬಂದು ಪ್ರಾರ್ಥನೆ ಮಾಡೋ ಅಂದ್ರೆ, ಇದೇ ನನ್ನ ಪ್ರಾರ್ಥನೆ, ಬಾಯಿ ಮುಚ್ಚೇ ಅನ್ನೋನು."

"ನನ್ನ ಬಗ್ಗೆ ಏನಾದ್ರೂ ಹೇಳ್ತಿದ್ನಾ?"

"ಸುಳ್ಳು ಹೇಳ್ಲಾ, ನಿಜ ಹೇಳ್ಲಾ?"

"ನಿಜ."

"ಅವನಿಗೊಬ್ಬಳು ತಂಗಿ ಇದ್ದಾಳೆ ಅಂತಾನೇ ನಮಗೆ ಗೊತ್ತಿರ್ಲಿಲ್ಲಮ್ಮ." ಮುದುಕಿ ಕಣ್ಣೊರೆಸಿಕೊಂಡಳು. "ಕರ್ಕೊಂಡು ಹೋಗು, ನಿನ್ನ ಅಣ್ಣ. ಸಮಾಧಿ ನೋಡೋಕೆ ಅಷ್ಟು ದೂರ ನಡೆಯೋದು ನಮ್ಮ ಕೈಲಾಗಲ್ಲ, ಅಷ್ಟೇ."

ತಂಗಿ ನೆಟ್ಟಗೆ ಫಾದರ್ ಹತ್ತಿರ ಹೋಗಿ ಹೇಳಿದಳು: "ಅವನು ಇಲ್ಲೇ ಇರಲಿ. ವ್ಯಾನ್ ವಾಪಸ್ ಕಳಿಸ್ತೀನಿ."

ಪೂಜೆಯ ಗಂಟೆ ಮೊಳಗಿತು. ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಹೋದರು. ಅವಳು ಮಾತ್ರ ಹೊರಗೆ ನೆಲದಲ್ಲಿ ಕೂತು, ಒಂದೊಂದೇ ಚಪ್ಪಲಿಯ ಒಳಗೆ ಕೈಯಾಡಿಸತೊಡಗಿದಳು. ಏಳನೆಯದರಲ್ಲಿ ಒಂದು ಕಲ್ಲಿನ ಹರಳು ಸಿಕ್ಕಿತು. ಅದನ್ನು ಮುಷ್ಟಿಯಲ್ಲಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ಮುಂದಿನದಕ್ಕೆ ಕೈ ಹಾಕಿದಳು.