ಮೊದಲ ಬಣ್ಣ ಹಾಸ್ಯಗಾರನದು

ಶಿಮಾ ಹಳ್ಳಿಯ ಅಮ್ಮನ ಹಬ್ಬದ ಎರಡನೆಯ ದಿನ ಬೆಳಗ್ಗೆ, ಒಂದು ಬಟ್ಟಲು ಖಾರದ ಸಾರು ಕುಡಿಯಲು ಹೋದ ಗೆಂಗ್ ಮುದುಕ ಒಂದು ಸುಳ್ಳು ಹೇಳಿ ಬಂದ. ಅರವತ್ತಾರು ವರ್ಷದ ಮನುಷ್ಯ, ನಾಟಕ ಕಂಪನಿಯಲ್ಲಿ ನಲವತ್ತೈದು ವರ್ಷದಿಂದ ಹಾಸ್ಯಗಾರ. ಸುಳ್ಳು ಅವನಿಗೇನೂ ಹೊಸದಲ್ಲ, ಆದರೆ ಇದು ರಂಗದ ಮೇಲೆ ಹೇಳಿದ ಸುಳ್ಳಲ್ಲ.

ಸಾರಿನ ಅಂಗಡಿಯ ಹೆಂಗಸು ಬಟ್ಟಲು ಮುಂದಿಡುತ್ತ ಕೇಳಿದ್ದಳು. “ಗೆಂಗಣ್ಣ, ಇವತ್ತು ಬಾಗಿಲು ಕಾಯೋನ ಪಾರ್ಟು ಇದೆ ತಾನೆ? ನಮ್ಮನೆಯವರದು ಮೂರು ದಿನದಿಂದ ಅದೇ ಜಪ. ಲಕ್ವ ಹೊಡೆದ ಮೇಲೆ ಹೊಸಿಲು ದಾಟಿಲ್ಲ ಅವರು. ಇವತ್ತು ಮೂರು ಚಕ್ರದ ಗಾಡೀಲಿ ಕೂರಿಸ್ಕೊಂಡು ಬರ್ತಿದೀನಿ.”

“ಇರ್ದೆ ಏನು? ಇದೆ,” ಎಂದ ಗೆಂಗ್.

ಇರಲಿಲ್ಲ. ಹನ್ನೊಂದು ತಿಂಗಳಿಂದ ಇರಲಿಲ್ಲ.

ಅದನ್ನು ಕಿತ್ತುಹಾಕಿದವನು ಕಂಪನಿಯ ಮಾಲೀಕ ಚಿಯಾವೊ. ಮೂವತ್ತೆಂಟರ ಆಸಾಮಿ, ಅಪ್ಪ ಕಟ್ಟಿದ ಕಂಪನಿ ಕೈಗೆ ಬಂದಿತ್ತು. ಒಂದು ದಿನವೂ ಮುಖಕ್ಕೆ ಬಣ್ಣ ಹಚ್ಚಿದವನಲ್ಲ, ಆದರೆ ಲಾರಿ, ಮೈಕು, ಕರಾರು ಎಲ್ಲವನ್ನೂ ಅಚ್ಚುಕಟ್ಟಾಗಿ ನಡೆಸುತ್ತಿದ್ದ. ಕೆಟ್ಟವನಲ್ಲ, ಅವಸರದವನು. ಜನಕ್ಕೆ ಈಗ ಮೂರು ಗಂಟೆ ಕೂರುವ ತಾಳ್ಮೆ ಇಲ್ಲವೆಂದು ನಾಟಕಗಳನ್ನೆಲ್ಲ ಒಂದೂವರೆ ಗಂಟೆಗೆ ಇಳಿಸಿದ್ದ. ಇಳಿಸುವಾಗ ಮೊದಲು ಹೋದದ್ದು ಹಾಸ್ಯ. “ಕತೆಗೇನೂ ತೊಂದ್ರೆ ಆಗಲ್ಲ ಚಿಕ್ಕಪ್ಪ,” ಎಂದು ಗೆಂಗ್‌ಗೆ ಹೇಳಿದ್ದ. ನಿಜ, ಕತೆಗೆ ಏನೂ ಆಗಲಿಲ್ಲ.

ಆ ಪಾರ್ಟು ಇಷ್ಟೇ. ಅನ್ಯಾಯಕ್ಕೊಳಗಾದ ವಿಧವೆಯೊಬ್ಬಳು ಅಧಿಕಾರಿಯ ಬಾಗಿಲಿಗೆ ಬರುತ್ತಾಳೆ. ಬಾಗಿಲಲ್ಲಿ ದೂರಿನ ನಗಾರಿ ಇದೆ, ಒಳಗೆ ಅಧಿಕಾರಿಗೆ ಮಧ್ಯಾಹ್ನದ ನಿದ್ದೆ. ಬಾಗಿಲು ಕಾಯುವವನು ಅವಳಿಗೆ ನಗಾರಿ ಮುಟ್ಟಗೊಡುವುದಿಲ್ಲ. ಜೋಡು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ತುದಿಗಾಲಲ್ಲಿ ಸುತ್ತುತ್ತ, ನಗಾರಿಗೆ ಸುಮ್ಮನಿರು ಅನ್ನುತ್ತಾನೆ, ಬೀದಿ ನಾಯಿಗೆ ಅನ್ನುತ್ತಾನೆ, ಮರದ ಮೇಲಿನ ಕಾಗೆಗೆ ಅನ್ನುತ್ತಾನೆ, ಕೊನೆಗೆ ನೋಡಲು ಕೂತ ಜನಕ್ಕೂ ಅನ್ನುತ್ತಾನೆ. ಎಲ್ಲ ತಣ್ಣಗಾದ ಮೇಲೆ ತಾನೇ ಒಂದು ಸೀನು ಸೀನಿ ಅಧಿಕಾರಿಯನ್ನು ಎಬ್ಬಿಸಿಬಿಡುತ್ತಾನೆ. ಎಲ್ಲ ಸೇರಿ ಎಂಟು ನಿಮಿಷ.

ಹಾಗಾದರೆ ಪಾರ್ಟಿಲ್ಲದ ಹಾಸ್ಯಗಾರನನ್ನು ಚಿಯಾವೊ ಯಾಕೆ ಇಟ್ಟುಕೊಂಡ? ಬೇರೆ ದಾರಿ ಇರಲಿಲ್ಲ. ಬಣ್ಣದ ಡೇರೆಯಲ್ಲಿ ಹಾಸ್ಯಗಾರ ಮೊದಲು ತನ್ನ ಮೂಗಿಗೆ ಬಿಳಿ ಹಚ್ಚಿಕೊಳ್ಳಬೇಕು, ಅಲ್ಲಿಯತನಕ ರಾಜನಾಗಲಿ ರಾಣಿಯಾಗಲಿ ಕುಂಚ ಮುಟ್ಟುವ ಹಾಗಿಲ್ಲ. ಹಿಂದೆ ಚಕ್ರವರ್ತಿಯೊಬ್ಬ ತಾನೇ ಹಾಸ್ಯದ ವೇಷ ಹಾಕಿದ್ದನಂತೆ, ಅದಕ್ಕೇ ಈ ಮರ್ಯಾದೆ. ಅವನ ಮರದ ಗೊಂಬೆಯೇ ಈಗ ಕಂಪನಿಯ ದೇವರು, ಪೆಟ್ಟಿಗೆಯ ಮೇಲೆ ಕೂತು ಊದುಬತ್ತಿಯ ಹೊಗೆ ಕುಡಿಯುತ್ತಿರುತ್ತದೆ. ಇನ್ನೊಂದು ಕಟ್ಟಳೆಯೂ ಇದೆ. ಬಣ್ಣ ಬಿದ್ದ ಮುಖ ರಂಗಕ್ಕೆ ಹೋಗದೆ ನೀರು ಮುಟ್ಟಬಾರದು. ಅದಕ್ಕಾಗಿ ಚಿಯಾವೊ ಗೆಂಗ್‌ಗೆ ಒಂದು ಕೆಲಸ ಉಳಿಸಿದ್ದ. ಅಧಿಕಾರಿಯ ಕುರ್ಚಿಯನ್ನು ರಂಗದ ಮೇಲೆ ಇಟ್ಟು ಬರುವುದು. ಹನ್ನೆರಡು ಹೆಜ್ಜೆ ಹೋಗಬೇಕು, ಹನ್ನೆರಡು ಹೆಜ್ಜೆ ಬರಬೇಕು, ಬಾಯಿ ಬಿಡುವ ಹಾಗಿಲ್ಲ. ಸಂಬಳ ಮೊದಲಿನಷ್ಟೇ.

ಬೇರೆ ಯಾರಾದರೂ ಆಗಿದ್ದರೆ ಪುಣ್ಯ ಮಾಡಿದ್ದೆ ಅಂದುಕೊಂಡು ಕೂರುತ್ತಿದ್ದರು. ಗೆಂಗ್‌ಗೆ ಮಾತ್ರ ಪ್ರತಿ ಸಲ ಖಾಲಿ ಕೈಯಲ್ಲಿ ಹಿಂದಕ್ಕೆ ಬರುವಾಗ ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿತ್ತು. ತನ್ನ ಎಂಟು ನಿಮಿಷ ತನಗೆ ವಾಪಸು ಬೇಕು, ಅಷ್ಟೇ ಅವನ ಆಸೆ. ಸುಳ್ಳು ಹೇಳಿದ್ದಾಯಿತು, ಇನ್ನು ಅದನ್ನು ನಿಜ ಮಾಡಬೇಕಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಡೇರೆಯಲ್ಲಿ ಎಲ್ಲರೂ ಕನ್ನಡಿಗಳ ಮುಂದೆ ಕೂತಿದ್ದರು. ಗೆಂಗ್ ವೇಷದ ಪೆಟ್ಟಿಗೆಯ ಮೇಲೆ ಅಂಗಿಯ ತೋಳೊಳಗೆ ಕೈ ತೂರಿಸಿ ಕೂತಿದ್ದ. ಬಿಳಿ ಬಣ್ಣದ ಬಟ್ಟಲ ಕಡೆ ತಿರುಗಿಯೂ ನೋಡಲಿಲ್ಲ.

“ಚಿಕ್ಕಪ್ಪ, ಟೈಮಾಯ್ತು,” ಎಂದ ಚಿಯಾವೊ, ಫೋನಿನಿಂದ ಕಣ್ಣೆತ್ತದೆ.

“ಆಗ್ಲಿ.”

“ಬಣ್ಣ ಹಚ್ಕೊಳ್ಳಿ ಮತ್ತೆ.”

“ಪಾರ್ಟು ಇದ್ರೆ ನಾನು ಹಾಸ್ಯಗಾರ. ಇಲ್ದಿದ್ರೆ ಯಾವನೋ ಕುರ್ಚಿ ಹೊರೋ ಮುದುಕ. ಕುರ್ಚಿ ಹೊರೋನು ಮೊದಲ ಬಣ್ಣ ಮುಟ್ಟಿದ್ರೆ ದೇವರು ಒಪ್ಪುತ್ತಾ? ನೀನೇ ಹೇಳು.”

ಚಿಯಾವೊ ಈಗ ಕಣ್ಣೆತ್ತಿದ. “ಇದೇನು ಹೊಸ ವರಸೆ? ಹನ್ನೊಂದು ತಿಂಗಳು ಒಪ್ಪಿದ ದೇವರು ಇವತ್ತು ಒಪ್ಪಲ್ವಾ?”

“ಅವನು ಒಪ್ಪಿದ್ದ ಅಂತ ನಿನಗೆ ಯಾರು ಹೇಳಿದ್ರು? ಆಚೆ ಸಾವಿರ ಜನ ಕೂತಿದಾರೆ. ಎಂಟು ನಿಮಿಷ ಕೊಡು, ಈಗಲೇ ಹಚ್ಕೋತೀನಿ.”

“ನಾಲ್ಕು ಗಂಟೆಗೆ ಲಾರಿ ಹೊರಡ್ಬೇಕು ಚಿಕ್ಕಪ್ಪ. ಆಗಲ್ಲ ಅಂದ್ರೆ ಆಗಲ್ಲ.”

ಚಿಯಾವೊ ಉಳಿದವರ ಕಡೆ ತಿರುಗಿ, ನೀವು ಶುರು ಮಾಡಿ ಎಂದ. ಯಾರೂ ಅಲುಗಲಿಲ್ಲ. ಸೇನಾಪತಿಯ ಪಾರ್ಟಿನವನು ಉಗುರು ಕಚ್ಚುತ್ತ ಕೂತ. ವಿಧವೆಯ ಪಾರ್ಟು ಮಾಡುವ ಯೂಲಾನ್ ಸ್ವೆಟರ್ ಹೆಣೆಯುತ್ತಿದ್ದವಳು ಇನ್ನೊಂದು ಸಾಲು ಹಾಕಿದಳು. ಗೆಂಗ್ ಜೊತೆಗೇ ಕಂಪನಿ ಸೇರಿದ ಹೆಂಗಸು, ಸಿಟ್ಟು ಬಂದರೂ ದನಿ ಏರಿಸುವವಳಲ್ಲ.

“ಯೂಲಾನ್ ಅತ್ತೆ, ನೀವಾದ್ರೂ ಹೇಳಿ.”

“ಏನು ಹೇಳ್ಲಿ? ಹಾಸ್ಯ ತೆಗೆದ ಮೇಲೆ ನಾನು ಬರ್ತೀನಿ, ನಗಾರಿ ಹೊಡೀತೀನಿ, ಅಳ್ತೀನಿ. ಮೊದಲು ನಗದೇ ಇರೋ ಜನ ಅಳೋದೂ ಇಲ್ಲ ಕಣಪ್ಪ. ಅರ್ಧ ಜನ ಕಡಲೆಕಾಯಿ ಸುಲೀತಿರ್ತಾರೆ. ನೀನು ಯಾವತ್ತಾದ್ರೂ ಮುಂದೆ ಕೂತು ನೋಡಿದೀಯಾ?”

ಚಿಯಾವೊಗೆ ತಲೆ ಕೆಟ್ಟುಹೋಯಿತು. ಸೀದಾ ಹೋಗಿ, ಗೆಂಗ್‌ನ ಕುಂಚವನ್ನೇ ಎತ್ತಿ ಬಟ್ಟಲಲ್ಲಿ ಅದ್ದಿ, ಕನ್ನಡಿ ನೋಡಿಕೊಂಡು ತನ್ನ ಮೂಗಿನ ಮೇಲೆ ದಪ್ಪಗೆ ಬಿಳಿ ಮೆತ್ತಿದ. “ಆಯ್ತಲ್ಲ ಮೊದಲ ಬಣ್ಣ? ಕುರ್ಚಿ ತಾನೆ, ನಾನೇ ಇಟ್ಟು ಬರ್ತೀನಿ. ಹ್ಞೂಂ, ಶುರು ಮಾಡಿ.”

ಬಣ್ಣ ಬಿದ್ದದ್ದಂತೂ ಬಿದ್ದಿತ್ತು. ಯೂಲಾನ್ ಸ್ವೆಟರ್ ಮಡಿಸಿಟ್ಟು ಕೆನ್ನೆಗೆ ಕೆಂಪು ತೀಡತೊಡಗಿದಳು, ಅವಳನ್ನು ನೋಡಿ ಉಳಿದವರೂ ಕುಂಚ ಎತ್ತಿದರು. ಗೆಂಗ್‌ಗೆ ಮಾಲೀಕ ಹೀಗೆ ಮಾಡಬಹುದೆಂದು ಹೊಳೆದೇ ಇರಲಿಲ್ಲ. ಇದ್ದ ಒಂದು ಹಕ್ಕನ್ನೂ ತಾನೇ ಕೈಯಾರೆ ಕಳೆದುಕೊಂಡೆನಲ್ಲ ಎಂದು ಪೆಟ್ಟಿಗೆಯಿಂದಿಳಿದು ಪರದೆಯ ಪಕ್ಕಕ್ಕೆ ಹೋಗಿ ನಿಂತ.

ನಾಟಕ ಶುರುವಾಯಿತು. ಮೂರನೆಯ ಅಂಕಕ್ಕೆ ಚಿಯಾವೊ ಬಾಗಿಲು ಕಾಯುವವನ ನಿಲುವಂಗಿ ಸಿಕ್ಕಿಸಿಕೊಂಡು ಕುರ್ಚಿ ಹೊತ್ತು ಹೋದ, ಇಟ್ಟ, ತಿರುಗಿದ. ಅಷ್ಟರಲ್ಲಿ ಯೂಲಾನ್ ಬಿಳಿ ಸೀರೆಸೆರಗಿನಂಥ ಅಂಗಿಯ ಉದ್ದ ತೋಳು ಬೀಸುತ್ತ ಅವನಿಗೆ ಎದುರಾಗಿಯೇ ರಂಗಕ್ಕೆ ಬಂದಳು. ನಗಾರಿಯ ಹತ್ತಿರ ಹೋಗಬೇಕಾದವಳು ಹೋಗಲಿಲ್ಲ. ಅವನ ದಾರಿಗೆ ಅಡ್ಡ ನಿಂತು ರಾಗವಾಗಿ ಕೂಗಿದಳು. “ಬಾಗಿಲು ಕಾಯೋ ಅಣ್ಣಾ, ದೂರು ತಂದಿದೀನಿ.”

ಮದ್ದಲೆಯವನೂ ಹಳಬರ ಪೈಕಿಯೇ. ತಟಕ್ಕನೆ ಬಾಗಿಲು ಕಾಯುವವನ ಪಾರ್ಟಿನ ತಾಳ ಹಿಡಿದ. ಅಧಿಕಾರಿಯ ಪಾರ್ಟಿನವನೂ ಬಂದು ಕುರ್ಚಿಯಲ್ಲಿ ಕೂತು ಗೊರಕೆ ಹೊಡೆಯತೊಡಗಿದ.

ಚಿಯಾವೊ ಕಲ್ಲಾಗಿ ನಿಂತ. ಎಡಕ್ಕೆ ಸರಿದ, ಯೂಲಾನ್ ಎಡಕ್ಕೆ ಬಂದಳು. ಬಲಕ್ಕೆ ಸರಿದ, ಬಲಕ್ಕೆ ಬಂದಳು. ಮೂಗಿನ ಬಿಳಿಯ ಕೆಳಗಿಂದ ಬೆವರು ಇಳಿಯುತ್ತಿತ್ತು.

ಪರದೆಯ ಪಕ್ಕದಲ್ಲಿ ಗೆಂಗ್‌ಗೆ ಮೊದಲು ಆದದ್ದು ಖುಷಿ. ಅನುಭವಿಸು ಮಗನೆ ಎಂದುಕೊಂಡ. ಆಮೇಲೆ ಜನದ ಕಡೆ ನೋಡಿದ. ಮುಂದಿನ ಸಾಲಿನಲ್ಲಿ ಸಾರಿನ ಹೆಂಗಸು ಮೂರು ಚಕ್ರದ ಗಾಡಿಯ ಪಕ್ಕ ನಿಂತು ಗಂಡನ ಭುಜ ಅಲುಗಿಸಿ, ಬಂತು ನೋಡಿ ಅನ್ನುತ್ತಿದ್ದಳು. ಆ ಗಂಡ ಸೊಟ್ಟ ಬಾಯಿ ತೆರೆದುಕೊಂಡು ಕಾಯುತ್ತಿದ್ದ. ರಂಗದ ಮೇಲೆ ಪಾರ್ಟು ಸಾಯುತ್ತಿತ್ತು. ಬಣ್ಣವಿಲ್ಲದ ಮುಖದಲ್ಲಿ ಗೆಂಗ್ ಹೋಗುವಂತಿಲ್ಲ. ಖುಷಿಯೆಲ್ಲ ಇಳಿದುಹೋಯಿತು.

“ಜೋಡು ಬಿಚ್ಚು,” ಎಂದ ಪಿಸುದನಿಯಲ್ಲಿ.

ಚಿಯಾವೊನ ಕಣ್ಣು ಪರದೆಯತ್ತ ಹೊರಳಿತು. ಜೋಡು ಬಿಚ್ಚಿದ.

“ಕಂಕುಳಲ್ಲಿಟ್ಕೋ. ತುದಿಗಾಲು. ಬೆರಳು ತುಟಿಗೆ. ಅವಳಿಗಲ್ಲ, ಮೊದಲು ನಗಾರಿಗೆ. ‘ಏಯ್ ದುಂಡಪ್ಪ, ಉಸಿರು ಬಿಟ್ಟೀಯ ಜೋಕೆ’ ಅನ್ನು.”

ಗೆಂಗ್ ಹೀಗೆ ಒಂದೊಂದೇ ಮಾತು ಎತ್ತಿಕೊಡುತ್ತ ಹೋದ, ಚಿಯಾವೊ ನಡುಗುತ್ತ ಒಪ್ಪಿಸುತ್ತ ಹೋದ. ಆ ನಡುಕವೇ ಜನಕ್ಕೆ ಹಿಡಿಸಿತು. ಅಧಿಕಾರಿಗೆ ಇಷ್ಟು ಹೆದರುವ ಬಾಗಿಲು ಕಾಯುವವನನ್ನು ಅವರು ನೋಡಿರಲಿಲ್ಲ. ನಾಯಿಗೆ ಸುಮ್ಮನಿರು ಅಂದಾಗ ಹಿಂದಿನ ಸಾಲಿನಲ್ಲಿ ನಗು ಹುಟ್ಟಿತು, ಕಾಗೆಯ ಹೊತ್ತಿಗೆ ಮುಂದಕ್ಕೂ ಬಂತು. ಕೊನೆಗೆ ಜನಕ್ಕೇ ಬೆರಳು ತೋರಿಸಿದ. ಸಾವಿರ ಜನ ಸುಮ್ಮನಾದರು.

“ಸೀನು,” ಎಂದ ಗೆಂಗ್.

ಚಿಯಾವೊ ಮೂಗು ಹಿಗ್ಗಿಸಿದ, ಬಾಯಿ ತೆರೆದ. ಸೀನು ಬರಲಿಲ್ಲ. ಇನ್ನೊಮ್ಮೆ ತೆರೆದ. ಇಲ್ಲ. ಮದ್ದಲೆಯವನ ಕೈ ಮೇಲೆತ್ತಿದ್ದು ಹಾಗೇ ನಿಂತಿತ್ತು. ಆಗ ಗೆಂಗ್ ಪರದೆಯ ಹಿಂದೆ ನಿಂತಲ್ಲೇ ಎದೆ ತುಂಬ ಉಸಿರೆಳೆದು ಸೀನಿದ. ನಲವತ್ತೈದು ವರ್ಷದ ಸೀನು ಅದು, ಡೇರೆಯ ಬಟ್ಟೆ ಅದುರಿತು. ಮದ್ದಲೆಗೆ ಪೆಟ್ಟು ಬಿತ್ತು, ಅಧಿಕಾರಿ ಕುರ್ಚಿಯಿಂದ ಉರುಳಿದ, ಜನ ಹೊಟ್ಟೆ ಹಿಡಿದುಕೊಂಡರು. ಎಲ್ಲರೂ ಚಿಯಾವೊನನ್ನು ನೋಡಿ ನಗುತ್ತಿದ್ದರು. ಗಾಡಿಯಲ್ಲಿದ್ದ ಮುದುಕ ಮಾತ್ರ ಪರದೆಯ ಕಡೆ ನೋಡಿ ನಗುತ್ತಿದ್ದ.

ಆಮೇಲೆ ಯೂಲಾನ್ ನಗಾರಿ ಹೊಡೆದು ತನ್ನ ಕಷ್ಟ ಹಾಡಿದಳು. ಆವತ್ತು ಯಾರೂ ಕಡಲೆಕಾಯಿ ಸುಲಿಯಲಿಲ್ಲ. ಹಾಡು ಮುಗಿಯುವ ಹೊತ್ತಿಗೆ ಹೆಂಗಸರು ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ನಾಟಕ ಮುಗಿದ ಮೇಲೆ ಚಿಯಾವೊ ಡೇರೆಗೆ ಓಡಿ ಬಂದ. ಮುಖ ತೊಳೆದಿರಲಿಲ್ಲ, ಲಾರಿಯ ನೆನಪಿರಲಿಲ್ಲ. “ಚಿಕ್ಕಪ್ಪ, ನೋಡಿದ್ರಾ? ಹೇಗೆ ನಕ್ಕರು ನೋಡಿದ್ರಾ? ನೀವು ಹೇಳಿದ್ದೇ ಸರಿ. ಈ ಪಾರ್ಟು ಇನ್ಮೇಲೆ ತೆಗೆಯೋ ಮಾತೇ ಇಲ್ಲ.” ಕನ್ನಡಿಯಲ್ಲಿ ತನ್ನ ಬಿಳಿ ಮೂಗು ನೋಡಿಕೊಂಡು ಮುಂದುವರಿಸಿದ. “ನಾಳೆಯಿಂದ ನಾನೇ ಮಾಡ್ತೀನಿ. ನೀವು ಕಲಿಸ್ಕೊಡಿ.”

ಗೆಂಗ್‌ಗೆ ಹೊಟ್ಟೆ ಉರಿದುಹೋಯಿತು. ಪಾರ್ಟು ಉಳಿದಿತ್ತು, ತಾನು ಉಳಿದಿರಲಿಲ್ಲ. ನನ್ನ ಸೀನಿಗೆ ಬಂದ ನಗುವನ್ನು ಜೇಬಿಗಿಳಿಸಿಕೊಂಡು ಬಂದಿದ್ದಾನೆ ಬೋಳೀಮಗ ಎಂದು ಬಯ್ಯಬೇಕೆನಿಸಿತು. ಬಯ್ದರೆ ಮಾಲೀಕ ಮುನಿದು ಪಾರ್ಟನ್ನು ಮತ್ತೆ ಕಿತ್ತಾನು. ಕುಂಚ ತೆಗೆದುಕೊಂಡು ಬಿಸಿನೀರಲ್ಲಿ ಅದ್ದಿ, ಕೂದಲು ಉದುರದ ಹಾಗೆ ನಿಧಾನವಾಗಿ ಹಿಂಡಿದ.

“ಕಲಿಸ್ತೀನಿ. ಕಲಿಸ್ದೆ ಏನು,” ಎಂದ. “ಆದ್ರೆ ಅದು ಎಂಟು ವರ್ಷದ ಪಾರ್ಟು.”

“ಎಂಟು ವರ್ಷ?”

“ನಿಮಿಷಕ್ಕೊಂದು ವರ್ಷ. ಸೀನು ಬರ್ಲಿಲ್ಲ ನೋಡು ನಿನಗೆ. ಅದಕ್ಕೇ ಎರಡು ವರ್ಷ ಹಿಡಿಯುತ್ತೆ. ಪರದೆ ಪಕ್ಕ ನಿಂತು ದಿನಾ ನೋಡು, ಕುರ್ಚಿ ಬೇಕಾದ್ರೆ ನೀನೇ ಇಡು. ಅಲ್ಲೀತನಕ ಯಾರಾದ್ರೂ ಮಾಡ್ಬೇಕಲ್ಲ, ನಾನು ಮಾಡ್ತಿರ್ತೀನಿ. ಎಪ್ಪತ್ನಾಲ್ಕಕ್ಕೆ ನಿನ್ನ ಕೈಗೇ ಕೊಡ್ತೀನಿ.”

ಚಿಯಾವೊ ಬೆರಳು ಮಡಿಸಿ ಲೆಕ್ಕ ಹಾಕಿ ತಲೆಯಾಡಿಸಿದ. ತಲೆಯಾಡಿಸಿದ್ದಷ್ಟೇ ಅಲ್ಲ, ಬಗ್ಗಿ ನಮಸ್ಕಾರವನ್ನೂ ಮಾಡಿದ.

ಪಕ್ಕದ ಕನ್ನಡಿಯ ಮುಂದೆ ಯೂಲಾನ್ ತಲೆಯ ಪಿನ್ನು ಕೀಳುತ್ತಿದ್ದಳು. ಗೆಂಗ್ ಆ ಪಾರ್ಟು ಕಲಿತದ್ದು ಅವಳ ಕಣ್ಣೆದುರಿಗೇ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಹದಿನೇಳು ದಿನದಲ್ಲಿ. ಅವಳು ಕನ್ನಡಿಯಲ್ಲೇ ಒಮ್ಮೆ ಅವನನ್ನು ನೋಡಿದಳು, ಪಿನ್ನುಗಳನ್ನು ಬಾಯಲ್ಲಿ ಕಚ್ಚಿಕೊಂಡಳು.