ಚಿಮ್ಮನಚೋಡದಲ್ಲಿ ಕರಗಿದ ಮುರಬ್ಬ

ಶಹಾಬಾದಿನ ಅಖ್ತರ ಬೇಗಂ ಸಕ್ಕರೆ ಪಾಕದಲ್ಲಿ ಬೇಯಿಸಿ ಮಾಡುವ ಬೂದುಗುಂಬಳದ ಮುರಬ್ಬದ ಹೋಳೊಂದು ಒಮ್ಮೆ ವಾಡಿ ಸ್ಟೇಷನ್ನಿನ ಹಳಿಯ ಮೇಲೆ ಬಿತ್ತು. ಐವತ್ತು ಡಬ್ಬಿಯ ಗೂಡ್ಸ್ ಗಾಡಿ ಹಾಯ್ದುಹೋದ ಮೇಲೂ ಅದರ ನಾಲ್ಕು ಮೂಲೆ ಹಾಗೇ ಇದ್ದವು. ನಂಬದವರು ಗಾಡಿಯನ್ನೇ ಕೇಳಬಹುದು.

೧೯೯೭ರಲ್ಲಿ ಮೊಮ್ಮಗಳು ಫರಹತಳ ಮದುವೆ ಚಿಮ್ಮನಚೋಡದಲ್ಲಿ ಗೊತ್ತಾಯಿತು. ವಾಡಿಯ ಬೀಗರು ಹುಡುಗಿಗಿಂತ ಮೊದಲು ಮುರಬ್ಬವನ್ನು ಒಪ್ಪಿದವರು. ಮದುವೆಗೂ ಅದೇ ಬೇಕೆಂದಿದ್ದರು. ಬೇಗಂ ವಾರ ಮೊದಲೇ ಚಿಮ್ಮನಚೋಡದ ಮಗಳ ಮನೆಗೆ ಬಂದು, ಗುಡ್ಡದಷ್ಟು ಕಾಯಿ ಹೆಚ್ಚಿ, ನೆನೆಸಿ, ಬೇಯಿಸಿದಳು. ಮುಚ್ಚಳ ತೆಗೆದರೆ ಗಂಜಿ. ಎರಡನೆಯ ಸಲವೂ ಗಂಜಿ. ಅಮ್ಮಿಗೆ ವಯಸ್ಸಾಯಿತು, ಹಲ್ವಾ ಅಂತ ಬಡಿಸಿಬಿಡೋಣ ಎಂದು ಮಗಳು ಮಾಸುಮಬಿ ಮೆಲ್ಲಗೆ ಅಂದಳು. ಅರವತ್ತು ವರ್ಷದ ಹೆಸರು ಆ ಗಂಜಿಯಲ್ಲೇ ಮುಳುಗುತ್ತಿರುವುದು ಬೇಗಂಗೆ ಕಾಣುತ್ತಿತ್ತು.

ಪಕ್ಕದ ಮನೆಯ ಆನಂದತೀರ್ಥರು ಹೈಸ್ಕೂಲಿನ ವಿಜ್ಞಾನದ ಮಾಸ್ತರರು. ಅವರ ಸೂಕ್ಷ್ಮದರ್ಶಕದಲ್ಲಿ ಇರುವೆಯ ಮನಸ್ಸಿನ ಮಾತೂ ಕಾಣುತ್ತಿತ್ತಂತೆ. ಬೇಗಂ ಹಸಿ ಹೋಳು, ಗಂಜಿ ಎರಡನ್ನೂ ಅವರ ಹತ್ತಿರ ಒಯ್ದು, ಅದರಲ್ಲಿ ಮೊದಲು ಹಸಿ ಹೋಳಿನ ಚೂರು ನೋಡಿದಳು. ಶಹಾಬಾದಿ ಪರಸಿ ಕಲ್ಲು ಹಾಸಿದ ಹಾಗೆ ಕೋಶಗಳು ಅಂಚಿಗೆ ಅಂಚು ತಾಗಿಸಿ ನಿಂತಿದ್ದವು. ಆಮೇಲೆ ಗಂಜಿಯ ಹನಿ. ಅದೇ ಕೋಶಗಳು, ಸಂತೆ ಮುಗಿದ ಮಂದಿಯಂತೆ, ಒಂದೊಂದು ಒಂದೊಂದು ದಿಕ್ಕಿಗೆ. ಮಾಸ್ತರರು ಬಿಡಿಸಿ ಹೇಳಿದರು.

“ಕೋಶದ ನಡುವಿನ ಅಂಟಿಗೆ ಸುಣ್ಣ ಬೇಕು, ಖಾಲಾ. ಅದಿದ್ರ ಒಂದರ ಕೈ ಒಂದು ಹಿಡಕೊಂಡು ನಿಂದರ್ತಾವ. ನಿಮ್ಮೂರ ಬಾವಿ ನೀರಾಗ ಅದು ಭಾಳ ಅದ. ಇದು ಬರೀ ಮಳಿ ನೀರಿನ ಕೆರಿ.”

ಬೇಗಂ ತನ್ನ ಮುಂಗೈ ಚರ್ಮ ಎಳೆದು ನೋಡಿಕೊಂಡಳು.

“ಇದೂ ಹಂಗೇ ಹಿಡಕೊಂಡದೇನ್ರಿ, ಮಾಸ್ತರ?”

“ಅಲ್ಲಿ ಅಂಟು ಬ್ಯಾರೆ ಅದ. ಆದ್ರ ಸುಣ್ಣದಾಗಿನ ಕ್ಯಾಲ್ಸಿಯಂ ಅದಕ್ಕೂ ಬೇಕು. ಅದಿಲ್ಲಂದ್ರ ನೀವೂ ಗಂಜಿ, ನಾನೂ ಗಂಜಿ.”

ಬೇಗಂಳ ಕೈ ತಾನಾಗಿ ಮಗ್ಗುಲಿನ ಎಲೆ-ಅಡಿಕೆಯ ಪಾನದಾನಕ್ಕೆ ಹೋಯಿತು. ಅರವತ್ತು ವರ್ಷ ಎಲೆಗೆ ಸವರುತ್ತ ಬಂದ ಸುಣ್ಣ ಅಲ್ಲೇ ಕೂತಿತ್ತು. ಅದು ಸಾಲದೆ ಊರಿನ ಪಾನದಾನಗಳನ್ನೆಲ್ಲ ಬೋಳಿಸಿ, ಕೊಡದ ನೀರಿಗೆ ಕದಡಿ, ಮೇಲಿನ ತಿಳಿಯಲ್ಲಿ ಹೋಳು ನೆನೆಹಾಕಿದಳು. ಮರುದಿನ ಏಳು ನೀರಿನಲ್ಲಿ ತೊಳೆದು ಬೇಯಿಸಿ, ಬೆರಳಿಂದ ಒತ್ತಿದಳು. ಹೋಳು ಬಗ್ಗಲಿಲ್ಲ. ಇಷ್ಟು ಸಣ್ಣ ಜೀವಗಳಿಗೆ ಇಷ್ಟು ಬಿಗಿ ಹಿಡಿತ ಯಾರು ಕಲಿಸಿದರೋ ಎಂದು ಒಲೆಯ ಮುಂದೆಯೇ ಬಹಳ ಹೊತ್ತು ಕೂತಳು. ಆಮೇಲೆ ಮಗಳನ್ನು ಕರೆದಳು.

“ಮೊದಲಿನ ಎರಡು ಬೋಗುಣಿ ಹಂಗೇ ಅದಾವ. ಹಲ್ವಾ ನೀನು ತಿನ್ನು.”

ಮದುವೆಯ ದಿನ ಹಿರಿಯ ಬೀಗ ಜಿಲಾನಿ ಸಾಹೇಬರು ಮೊದಲ ಹೋಳು ಕಡಿದ ಸದ್ದು ಸೇಡಂವರೆಗೆ ಕೇಳಿಸಿತು. ಊಟದ ಮೇಲೆ ಎಲ್ಲರಿಗೂ ಪಾನ್ ಕೊಟ್ಟರು. ಯಾರ ತುಟಿಯೂ ಕೆಂಪಾಗಲಿಲ್ಲ. ಊರಿನ ಸುಣ್ಣವೆಲ್ಲ ಬೂದುಗುಂಬಳದ ಕೋಶಗಳ ಕೈ ಹಿಡಿದು ನಿಂತಿತ್ತು.